ಏಳನೇ ಗುಂಡಿಯ ವಾಸನೆ

ಎಣ್ಣೆ ಕೊಳವೆಯ ಗುಂಟ ದಿನಾ ಆರು ಕಿಲೋಮೀಟರ್ ನಡೆದು, ಎಲ್ಲಾದರೂ ಸೋರಿದೆಯೇ ಎಂದು ಮೂಸಿ ನೋಡುವುದು ಮೂಗುರಾಯರ ಕೆಲಸ. ಹೆಸರು ಜೊತೆಯವರು ಇಟ್ಟದ್ದು. ಪುಕ್ಕಟೆ ಬಂದದ್ದಲ್ಲ, ಯಂತ್ರಕ್ಕೆ ಸುಳಿವು ಸಿಗುವ ಮೊದಲೇ ಇಪ್ಪತ್ತು ಹೆಜ್ಜೆ ದೂರದಿಂದ ಸೋರಿಕೆ ಹಿಡಿದ ಮೂಗು ಅದು.

ಈಗ ಆ ಕೊಳವೆ, ಟ್ಯಾಂಕು ಎಲ್ಲವನ್ನೂ ಇನ್ನೊಂದು ಕಂಪನಿ ಕೊಳ್ಳಲು ಹೊರಟಿತ್ತು. ಸಹಿ ಹಾಕುವ ಮೊದಲು ನೆಲ, ನೀರು ಕೆಟ್ಟಿದೆಯೇ ಎಂದು ತಿಳಿಯಲು ಅವರು ಕಳಿಸಿದ ಮೇಡಂ, ಪಂಪ್ ಮನೆಯ ಅಲುಗಾಡುವ ಮೇಜಿನ ಮೇಲೆ ರಾಯರ ನೋಟ್‌ಬುಕ್ಕುಗಳನ್ನು ಹರಡಿಕೊಂಡು ಕೂತಿದ್ದರು.

"ಆರು ಕಡೆ ಮಾತ್ರ ಮಣ್ಣು ಕೊರೆಸೋಕೆ ಆಗೋದು ರಾಯರೇ. ಎಲ್ಲಿ ಬೇಡ ಅಂತ ನಿಮ್ಮ ಪುಸ್ತಕಾನೇ ಹೇಳುತ್ತೆ. ಈ ಏಳನೇ ವಾಲ್ವ್ ಗುಂಡಿ ಬಿಟ್ಟುಬಿಡೋಣ. ದಿನಾ 'ವಾಸನೆ ಇಲ್ಲ' ಅಂತಿದೆ."

"ಆಯ್ತು ಮೇಡಂ," ಎಂದರು ರಾಯರು. ಏಳನೇ ಗುಂಡಿಯ ಬೆನ್ನಿಗೇ ಒಂದು ಸಾಲು ಮನೆ, ಅಷ್ಟಕ್ಕೂ ಸೇರಿ ಒಂದೇ ಬಾವಿ.

ಒಂಬತ್ತು ವರ್ಷದ ಹಿಂದೆ ಬಂದ ಜ್ವರ ಹೋಗುವಾಗ ರಾಯರ ಮೂಗನ್ನೂ ಕೊಂದು ಹೋಗಿತ್ತು. ಬಾಯಿಬಿಟ್ಟರೆ ಕೆಲಸಕ್ಕೆ ಕುತ್ತು, ಹಾಗಾಗಿ ಹೇಳಿದ್ದು ಹೆಂಡತಿಗೊಬ್ಬಳಿಗೇ. ಆಕೆ ಮರುದಿನವೇ ಊಟದ ಡಬ್ಬಿ ಹಿಡಿದು ಜೊತೆಗೆ ಹೊರಟರು. ಆಕೆ ಮೂಸುವುದು, ಇವರು ಬರೆಯುವುದು. ಈ ವಯಸ್ಸಿನಲ್ಲಿ ಇದೇನು ಸರಸ ಎಂದು ಟ್ಯಾಂಕಿನವರು ಕಾಲೆಳೆದದ್ದೂ ಎಳೆದದ್ದೇ. ಎರಡು ಸಲ ಆಕೆ ಸೋರಿಕೆ ಹಿಡಿದಾಗ ಸಾಹೇಬರು ಬೆನ್ನು ತಟ್ಟಿದ್ದು ರಾಯರದ್ದು.

ಎರಡು ವರ್ಷದಿಂದ ಆಕೆಗೆ ಮಂಡಿನೋವು. ರಾಯರು ಒಬ್ಬರೇ ನಡೆದರು, ವಾಸನೆ ಇಲ್ಲ ಎಂದು ಬರೆದರು. ಅವರ ಮಟ್ಟಿಗೆ ಅದು ಸುಳ್ಳೂ ಅಲ್ಲ, ಅದೇ ನಾಚಿಕೆಗೇಡು. ಗುಂಡಿಯ ಸುತ್ತ ಹುಲ್ಲು ಹಳದಿಯಾದದ್ದನ್ನು ಬಿಸಿಲಿನ ತಲೆಗೆ ಕಟ್ಟಿದ್ದರು. ನಿವೃತ್ತಿಗೆ ಇನ್ನು ನಾಲ್ಕೇ ತಿಂಗಳು, ಹೇಗೋ ದಿನ ತಳ್ಳಿದರಾಯಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದರು, "ಏಳನೇದು ಬಿಟ್ಟುಬಿಡ್ತಾರಂತೆ."

"ಅಲ್ಲಿ ಚೆನ್ನಾಗಿದೆ ಅಂತ ಹೇಳಿದ್ದು ಯಾರು?"

"ನನ್ನ ಪುಸ್ತಕ."

ಆಕೆ ಬಡಿಸುವ ಕೈ ನಿಲ್ಲಿಸಿದರು. "ನಂಗೆ ಮಂಡಿನೋವು ಬಂದಾಗ ನೀವೇ, ಯಂತ್ರ ಕೊಟ್ಟಿದಾರೆ, ಇನ್ನು ನಿನ್ನ ಮೂಗು ಬೇಕಿಲ್ಲ ಅಂದಿದ್ರಲ್ರೀ?"

ಯಂತ್ರ ಯಾರೂ ಕೊಟ್ಟಿರಲಿಲ್ಲ. ರಾಯರು ತಟ್ಟೆ ಸರಿಸಿ ಎದ್ದರು. ಕೈ ತೊಳೆದವರೇ ಪಂಪ್ ಮನೆಗೆ ವಾಪಸ್ಸು ಹೋಗಿ, ಇದ್ದದ್ದು ಇದ್ದ ಹಾಗೆ ಮೇಡಂ ಮುಂದೆ ಹೇಳಿಬಿಟ್ಟರು.

ಮೇಡಂ ಪೆನ್ನಿನ ಮುಚ್ಚಳ ತೆಗೆದರು. "ನಾನು ಇದನ್ನ ಬರೀಲೇಬೇಕು ರಾಯರೇ. ನಿಮ್ಮ ಕೆಲಸ ಉಳಿಯೋದು ಅನುಮಾನ."

"ಬರೀರಿ. ಆದರೆ ಮೊದಲು ಅಲ್ಲಿ ಕೊರೆಸಿ."

ಮರುದಿನ ಬೆಳಿಗ್ಗೆ ಮೇಡಂ ಕಾರಿನಲ್ಲಿ ರಾಯರ ಹೆಂಡತಿಯೂ ಹಟ ಹಿಡಿದು ಬಂದರು. ಕೊರೆಯುವ ಯಂತ್ರ ಎರಡಾಳು ಆಳದಿಂದ ಕಪ್ಪು ಮಣ್ಣು ಎತ್ತಿತು. ಕೆಲಸದವರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು, ಮೇಡಂ ಮುಖ ಕಿವುಚಿದರು. ಏನೂ ಆಗದವರಂತೆ ನಿಂತಿದ್ದವರು ರಾಯರೊಬ್ಬರೇ. ಆ ಗಳಿಗೆಯಲ್ಲಿ ಅವರಿಗೆ ತಮ್ಮ ಮೇಲೆಯೇ ಅಸಹ್ಯವಾಯಿತು.

ಅವರು ಹೆಂಡತಿಯ ಕಡೆ ನೋಡಿದರು.

"ಇದೆ," ಎಂದರು ಆಕೆ. "ನಿನ್ನೆ ಮೊನ್ನೆಯದಲ್ಲ."

ರಾಯರು ನೋಟ್‌ಬುಕ್ ತೆಗೆದು 'ವಾಸನೆ ಇದೆ' ಎಂದು ಬರೆದು, ಪೆನ್ನನ್ನು ಆಕೆಯ ಕಡೆ ಚಾಚಿದರು. "ಸಹಿ ನಿಂದು. ಮೊದಲೇ ಹಾಕಿಸಬೇಕಿತ್ತು."

"ಸಹಿ ಎಲ್ಲಿಗೂ ಓಡಿಹೋಗಲ್ಲ. ಮೊದಲು ಬಾವಿ ಹತ್ರ ಹೋಗ್ರೀ."

ರಾಯರು ಹೆಚ್ಚುಕಮ್ಮಿ ಓಡಿದರು. ಬಾವಿಕಟ್ಟೆಯಲ್ಲಿ ಒಬ್ಬ ಹೆಂಗಸು ತುಂಬಿದ ಕೊಡವನ್ನು ಸೊಂಟಕ್ಕೇರಿಸುತ್ತಿದ್ದಳು.

"ಚೆಲ್ಲಿಬಿಡಮ್ಮ. ಪರೀಕ್ಷೆ ಆಗೋವರೆಗೆ ಯಾರೂ ಈ ನೀರು ಕುಡೀಬೇಡಿ."

"ಮೊದಮೊದಲು ಏನೋ ವಾಸನೆ ಅನ್ನಿಸ್ತಿತ್ತು," ಎಂದಳು ಆಕೆ. "ನೀವು ದಿನಾ ಇಲ್ಲೇ ನಿಂತು ಮೂಸಿ ಹೋಗ್ತಿದ್ರಲ್ಲ ರಾಯರೇ, ಅದಕ್ಕೇ ಸುಮ್ಮನಿದ್ವಿ."