ಸತ್ತದ್ದೆಷ್ಟು ಎಂದು ಕೇಳಿದ ಟಿವಿ

ಟಿವಿಯಲ್ಲಿ ಸುದ್ದಿ ಓದುವವರ ತಪ್ಪಿಗೆಲ್ಲ ಬೈಸಿಕೊಳ್ಳುವವನು ನಾನು. ಪರಶುರಾಂಪುರಕ್ಕೂ ಸುತ್ತಲ ನಾಲ್ಕು ಹಳ್ಳಿಗಳಿಗೂ ಕೇಬಲ್ ಕೊಟ್ಟಿರುವವನು ನಾನೇ, ಜನರ ಹತ್ತಿರ ಇರುವುದು ನನ್ನ ಮೊಬೈಲ್ ನಂಬರೇ. ಸುದ್ದಿಯವನು ಕಿರುಚಿದರೆ ಫೋನು ನನಗೆ, ಒಂದೇ ಚಿತ್ರವನ್ನು ಇಡೀ ಸಂಜೆ ತಿರುಗಿಸಿ ಮುರುಗಿಸಿ ತೋರಿಸಿದರೂ ಫೋನು ನನಗೆ. ಬಸ್‌ಸ್ಟ್ಯಾಂಡ್ ಹತ್ತಿರದ ಮುದುಕಿ ದೊಡ್ಡಕ್ಕನಂತೂ, ಆ ಮನುಷ್ಯನ ಮನೆಗೇನು ಬೆಂಕಿ ಬಿದ್ದಿದೆಯಾ, ಯಾಕೆ ಹಾಗೆ ಅರಚುತ್ತಾನೆ, ವಿಚಾರಿಸಿ ಹೇಳು ಅಂತ ವಾರಕ್ಕೆರಡು ಸಲ ಕೇಳುತ್ತಿದ್ದಳು. ಬೇಡವಾದರೆ ಬೇರೆ ಚಾನೆಲ್ ಹಾಕವ್ವ ಅಂದರೆ, ಅದು ಹೇಗಾದೀತು, ಮುಂದೇನಾಯಿತು ಅಂತ ಗೊತ್ತಾಗಬೇಡವಾ ಅನ್ನುತ್ತಿದ್ದಳು. ಎಲ್ಲರೂ ಹಾಗೆಯೇ. ಬೈಯುತ್ತ ನೋಡುವುದು, ನೋಡುತ್ತ ಬೈಯುವುದು. ನಾನೂ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದೆ, ನಮ್ಮ ಬಾವನ ಮುಖ ಅದರಲ್ಲಿ ಬರುವ ತನಕ.

ಅದು ಎರಡು ಸಾವಿರದ ಎಂಟರ ಬೇಸಿಗೆ. ಬಾವ, ಅಂದರೆ ನಮ್ಮ ಪಾಲಮ್ಮಕ್ಕನ ಗಂಡ ಓಬಳಪ್ಪ, ಒಬ್ಬ ಕಿಲಾರಿ. ಅಂದರೆ ನಮ್ಮ ಕುಲದ ದೇವರಿಗೆ ಬಿಟ್ಟ ಎತ್ತು, ಹಸು, ಕರುಗಳನ್ನು ಹಟ್ಟಿಯ ಹೊರಗೆ ಮುಳ್ಳುಬೇಲಿಯ ರೊಪ್ಪದಲ್ಲಿಟ್ಟು ಕಾಯುವವನು. ಆ ದನಗಳನ್ನು ಉಳುಮೆಗೆ ಹೂಡುವಂತಿಲ್ಲ, ಮಾರುವಂತಿಲ್ಲ, ಎಣಿಸುವಂತೆಯೂ ಇಲ್ಲ. ದೇವರ ದನ ಇಷ್ಟು ಅಂತ ಬಾಯಿಬಿಟ್ಟು ಹೇಳಿದರೆ ಅವು ಅಷ್ಟಕ್ಕೇ ನಿಲ್ಲುತ್ತವೆ ಅನ್ನುವುದು ಹಿರಿಯರ ಮಾತು. ಅದಕ್ಕೇ ಬಾವ ದಿನಾ ಬೆಳಿಗ್ಗೆ ಒಂದೊಂದರ ಹೆಸರು ಹಿಡಿದು ಕರೆಯುತ್ತಾನೆ, ಕರೆದದ್ದು ಹೊರಗೆ ಬರುತ್ತದೆ. ಇಪ್ಪತ್ತು ವರ್ಷದಲ್ಲಿ ಒಂದು ಕರುವೂ ತಪ್ಪಿಹೋಗಿಲ್ಲ.

ಆ ಬೇಸಿಗೆಯಲ್ಲಿ ಗಾದ್ರಿ ಅನ್ನುವ ಹಿರಿಯ ಎತ್ತು ಮುಪ್ಪಾಗಿ ಸತ್ತಿತು. ಮನುಷ್ಯರಿಗೆ ಮಾಡುವಂತೆಯೇ ಮೈ ತೊಳೆದು, ಹೊಸ ಬಟ್ಟೆ ಹೊದಿಸಿ, ಗುಣಿ ತೆಗೆದು ಮಣ್ಣು ಮಾಡಿದರು. ಹೆಂಗಸರು ಹಾಡಿಕೊಂಡು ಅತ್ತರು. ಉಳ್ಳಾರ್ತಿ ಕಾವಲ್ ಕಡೆ ಏನೋ ಸುದ್ದಿಗೆ ಬಂದು ವಾಪಸಾಗುತ್ತಿದ್ದ ಒಂದು ಚಾನೆಲ್ಲಿನ ಜೀಪು ಆ ಅಳು ಕೇಳಿ ನಿಂತಿತು. ವರದಿಗಾರ ಬಾವನ ಬಾಯಿಗೆ ಮೈಕು ಹಿಡಿದು ಕೇಳಿದ್ದು ಎರಡೇ ಮಾತು: ಎಷ್ಟು ದನ ಇವೆ, ಎಷ್ಟು ಸತ್ತಿವೆ. ಒಂದು ಅಂದರೂ ಎಣಿಸಿದಂತೆಯೇ ಆಯಿತಲ್ಲ. ಬಾವ ನೆಲ ನೋಡಿಕೊಂಡು ನಿಂತುಬಿಟ್ಟ.

ಸಂಜೆ ಟಿವಿ ತುಂಬ ಕೆಂಪು ಅಕ್ಷರ. ದೇವರ ಎತ್ತುಗಳಿಗೆ ನಿಗೂಢ ರೋಗ, ಸತ್ತದ್ದೆಷ್ಟು, ಬಾಯಿ ಬಿಡದ ಕಿಲಾರಿ. ಹಿಂದೆ ಢಂ ಢಂ ಅಂತ ಸದ್ದು. ಬಾವ ತಲೆ ತಗ್ಗಿಸುವುದು, ಹೆಂಗಸರು ಅಳುವುದು, ಮತ್ತೆ ಬಾವ ತಲೆ ತಗ್ಗಿಸುವುದು. ಮೂವತ್ತು ಸಲವಾದರೂ ತೋರಿಸಿರಬೇಕು. ಇರುವೆಯನ್ನೂ ದಾಟಿಕೊಂಡು ನಡೆಯುವ ಮನುಷ್ಯನನ್ನು ಕಳ್ಳನ ಹಾಗೆ ತೋರಿಸಿದರು.

ಮಾರನೆಯ ಬೆಳಿಗ್ಗೆ ದನ ಕೆರೆಗೆ ಹೊರಟರೆ ದಾರಿಗೆ ಅಡ್ಡ ಜಾಲಿಮುಳ್ಳು ಬಿದ್ದಿತ್ತು. ಹಾಕಿಸಿದವರು ಕೆರೆ ದಾರಿಯ ಹಳ್ಳಿಯ ಹಿರಿಯರಾದ ಮುರುಗೇಂದ್ರಪ್ಪನವರು. ಪ್ರತಿವರ್ಷ ಶೇಂಗಾ ಕಿತ್ತ ಮೇಲೆ ಗೊಬ್ಬರಕ್ಕೆಂದು ಇದೇ ದನಗಳನ್ನು ಕರೆದು ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದವರು, ನಮ್ಮ ಎಮ್ಮೆ ಕುರಿಗಳ ಗತಿಯೇನಪ್ಪ ಅಂತ ಕೈಮುಗಿದರು. ದನದ ಡಾಕ್ಟರು ಬಂದು ನೋಡಿ, ರೋಗವಿಲ್ಲ ಅಂತ ಬರೆದುಕೊಟ್ಟರು. ಚೀಟಿ ಒಬ್ಬರು ಬರೆದದ್ದು, ಟಿವಿಯಲ್ಲಿ ನಾವೆಲ್ಲ ಕಣ್ಣಾರೆ ನೋಡಿದ್ದೇವಲ್ಲ ಅಂದರು ಮುರುಗೇಂದ್ರಪ್ಪನವರು. ಹಟ್ಟಿಯ ಬಾವಿಯಲ್ಲಿ ಎರಡು ದಿನಕ್ಕಾಗುವಷ್ಟೇ ನೀರಿತ್ತು. ಮೂರನೆಯ ದಿನ ಕೆರೆಗೆ ಹೋಗದಿದ್ದರೆ ಟಿವಿಯವರ ಸುಳ್ಳೇ ನಿಜವಾಗುತ್ತಿತ್ತು.

ಚಾನೆಲ್ಲಿಗೆ ಫೋನು ಮಾಡಿದೆ. ನಿಮ್ಮ ಅಭಿಪ್ರಾಯ ಬರೆದುಕೊಂಡಿದ್ದೇವೆ ಸರ್ ಅಂದಳು ಒಬ್ಬಳು. ಅಭಿಪ್ರಾಯ ಅಲ್ಲ ತಾಯಿ, ದನಕ್ಕೆ ನೀರಿಲ್ಲ ಅಂದೆ. ಫೋನು ಇಟ್ಟಳು. ಸಿಟ್ಟು ನೆತ್ತಿಗೇರಿ ಆ ಚಾನೆಲ್ಲನ್ನೇ ಕಿತ್ತುಹಾಕಿದೆ. ಅರ್ಧ ಗಂಟೆಯೊಳಗೆ ಇಪ್ಪತ್ತು ಫೋನು ಬಂದವು, ರೋಗ ಎಲ್ಲಿಯ ತನಕ ಬಂತು ಅಂತ ಗೊತ್ತಾಗಬೇಕು, ಹಾಕು ಅಂತ. ಬಾವನ ಗುಟ್ಟು ಮುಚ್ಚುವುದಕ್ಕೆ ಬಾಮೈದ ವೈರು ಕಿತ್ತಿದ್ದಾನೆ ಅಂತಲೂ ಒಬ್ಬ ಅಂದ. ಅವನಿಗೆ ಬಾಯಿಗೆ ಬಂದಂತೆ ಬೈದು, ಮತ್ತೆ ಹಾಕಿದೆ.

ಅಷ್ಟರಲ್ಲಿ ಪಾಲಮ್ಮಕ್ಕ ನನ್ನ ಕೇಬಲ್ ರೂಮಿಗೆ ಬಂದಳು. ಅತ್ತು ಅತ್ತು ಕಣ್ಣು ಊದಿದ್ದವು, ದನಿ ಮಾತ್ರ ಗಟ್ಟಿಯಾಗಿತ್ತು.

"ವೈರು ಕಿತ್ರೆ ಸುಳ್ಳು ಸಾಯ್ತೈತೇನೋ ಹನುಮಂತ?" ಅಂದಳು. "ಅವ್ರು ಒಂದು ಗಳಿಗೇದನ್ನ ಮೂವತ್ತು ಸಲ ತೋರ್ಸಿದ್ರು. ನೀನು ಎಲ್ಲಾನೂ ಪೂರ್ತಿ ಒಂದೇ ಸಲ ತೋರ್ಸು."

ಸಿನಿಮಾ ಸಿಡಿ ಹಾಕುವುದಕ್ಕೆಂದು ನನ್ನದೇ ಒಂದು ಲೋಕಲ್ ಚಾನೆಲ್ ಇತ್ತು. ಮಾರನೆಯ ಬೆಳಿಗ್ಗೆ ಮದುವೆ ವಿಡಿಯೊ ತೆಗೆಯುವ ಬಾಲರಾಜನನ್ನು ಕರೆದುಕೊಂಡು ರೊಪ್ಪಕ್ಕೆ ಹೋದೆ. ಬಾವ ಮುಳ್ಳಿನ ಬಾಗಿಲು ಸರಿಸಿ ಕರೆಯತೊಡಗಿದ. ಬಿಳಿಯವ್ವ, ಚೆಲುವ, ಗಿಡ್ಡಿ, ಮಚ್ಚೆ. ಕರೆದದ್ದು ಬರುತ್ತಿತ್ತು. ಅದರ ಕೊರಳು ಸವರಿ, ಕಣ್ಣು ಬಾಯಿ ನೋಡಿ, ಮುಂದಕ್ಕೆ ಬಿಡುತ್ತಿದ್ದ. ಒಂದು ಗಂಟೆಯ ಮೇಲೆ ಹತ್ತು ನಿಮಿಷ ಹಿಡಿಯಿತು. ರೊಪ್ಪ ಖಾಲಿಯಾದ ಮೇಲೂ ಬಾವ ಕೈ ನೀಡಿಕೊಂಡು ಇನ್ನೊಂದು ಹೆಸರು ಕರೆದ: ಬಾರೋ ಗಾದ್ರಿ. ಮುದುಕ, ನಿಧಾನವಾಗಿ ಏಳುತ್ತಿತ್ತು, ಅದಕ್ಕೆ ಯಾವಾಗಲೂ ಅದನ್ನೇ ಕೊನೆಗೆ ಕರೆಯುವ ರೂಢಿ. ಯಾರೂ ಬರಲಿಲ್ಲ. ನೀಡಿದ ಕೈಯನ್ನು ಬಾವ ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ, ಟವೆಲ್ಲಿನಿಂದ ಮುಖ ಒರೆಸಿಕೊಂಡ, ಬಾಗಿಲು ಎಳೆದ.

ಬಾಲರಾಜ ಯಾವ ಹಾಡು ಸೇರಿಸಲಿ ಅಂತ ಕೇಳಿದ. ಹಾಡು ಬೇಡ, ಆ ಕೊನೆಯದನ್ನು ಕತ್ತರಿಸು ಅಂದೆ. ಬಾವನ ಅಳುಮುಖವನ್ನು ಊರು ಇನ್ನೊಂದು ಸಲ ಯಾಕೆ ನೋಡಬೇಕು ಅಂತ ನನ್ನ ಲೆಕ್ಕ.

"ಅದನ್ನ ಮುಟ್ಬೇಡ," ಅಂದಳು ಅಕ್ಕ. "ಅವ್ರು ಕೇಳಿದ್ದಕ್ಕೆ ಉತ್ತರ ಅದ್ರಾಗೇ ಐತೆ."

ಸಂಜೆ ಏಳಕ್ಕೆ ಹಾಕಿದೆ. ಸುದ್ದಿ ಚಾನೆಲ್ ಬರುವ ಜಾಗದಲ್ಲೂ ಇದನ್ನೇ ಹಾಕಿದೆ, ತಪ್ಪೋ ಸರಿಯೋ ಅಂತ ನೋಡಲಿಲ್ಲ. ಬೈಸಿಕೊಳ್ಳುವುದಕ್ಕೆ ತಯಾರಾಗಿ ಮೊಬೈಲ್ ಕೈಯಲ್ಲೇ ಹಿಡಿದು ಕೂತೆ. ಹತ್ತು ನಿಮಿಷ ಕಳೆಯಿತು, ಅರ್ಧ ಗಂಟೆ ಕಳೆಯಿತು, ಒಂದು ಫೋನೂ ಇಲ್ಲ. ಜನ ಟಿವಿ ಆರಿಸಿ ಎದ್ದುಹೋದರು ಅಂದುಕೊಂಡೆ. ಬೀದಿಗೆ ಬಂದು ನೋಡಿದರೆ ಮನೆಮನೆಯಿಂದಲೂ ಬಾವ ದನ ಕರೆಯುವ ದನಿಯೇ ಕೇಳುತ್ತಿತ್ತು. ಮುಗಿದ ಮೇಲೆ ಮೊದಲು ಬಂದದ್ದು ದೊಡ್ಡಕ್ಕನ ಫೋನು.

"ಗಾದ್ರಿ ಒಬ್ನೇ ಅಲ್ವೇನಪ್ಪ ಬರ್ದೇ ಇದ್ದಿದ್ದು?"

ಹೂಂ ಕಣವ್ವ ಅಂದೆ.

ಮೂರನೆಯ ಬೆಳಿಗ್ಗೆ ಬಾವ ದನ ಹೊಡೆದುಕೊಂಡು ಹೊರಟ. ನಾನೂ ಅಕ್ಕನೂ ಹಿಂದೆಯೇ ಹೋದೆವು. ದಾರಿಯಲ್ಲಿ ಮುರುಗೇಂದ್ರಪ್ಪನವರು, ಆ ವಯಸ್ಸಿನಲ್ಲಿ, ಕವೆಗೋಲು ಹಿಡಿದು ಜಾಲಿಮುಳ್ಳನ್ನು ತಾವೇ ಪಕ್ಕಕ್ಕೆ ಎಳೆಯುತ್ತಿದ್ದರು. ಬಾವನನ್ನು ಕಂಡು ಕೋಲು ಕೆಳಗಿಟ್ಟರು.

"ಎಷ್ಟು ಅಂತ ಕೇಳಲ್ಲ ಓಬಳಪ್ಪ," ಅಂದರು. "ಗಾದ್ರಿನ ಎಲ್ಲಿ ಮಣ್ಣು ಮಾಡೀರಿ, ಅದನ್ನ ಹೇಳು. ಒಂದು ಕಾಯಿ ಒಡೆದು ಬರ್ತೀನಿ."

ಬಾವ ಹೂಂ ಅಂದ. ಮುಂದೆ ಹೋಗುತ್ತಿದ್ದ ಒಂದು ಹಸುವನ್ನು ಮುರುಗೇಂದ್ರಪ್ಪನವರು ಗಿಡ್ಡೀ ಅಂತ ಕರೆದರು. ಅದು ತಿರುಗಲಿಲ್ಲ, ಹಿಂದಿದ್ದ ಇನ್ನೊಂದು ಬಂದು ಅವರ ಪಂಚೆಗೆ ಮೂತಿ ಒರೆಸಿತು. ನಾಲ್ಕು ದಿನದಲ್ಲಿ ಮೊದಲನೆಯ ಸಲ ಬಾವ ನಕ್ಕ.

ಕೆರೆ ಮುಟ್ಟುವಷ್ಟರಲ್ಲಿ ಮೊಬೈಲ್ ಹೊಡೆದುಕೊಂಡಿತು. ದೊಡ್ಡಕ್ಕ. ದನ ನೀರು ಕುಡಿದವಾ, ಅದನ್ನೂ ಸಂಜೆ ಹಾಕು, ಮುಂದೇನಾಯಿತು ಅಂತ ಗೊತ್ತಾಗಬೇಡವಾ ಅಂದಳು. ಬಾಲರಾಜನಿಗೆ ಕ್ಯಾಮೆರಾ ತಗೊಂಡು ಬಾರಲೇ ಅಂತ ಫೋನು ಮಾಡಿ, ದಡದ ಮೇಲೆ ಕೂತೆ. ಕೊನೆಯ ಕರು ನೀರಿಗೆ ಬಾಯಿ ಹಾಕುವ ತನಕ ಬಾವ ಕಾದು ನಿಂತಿದ್ದ. ಆಮೇಲೆ ತಾನೂ ಬೊಗಸೆ ತುಂಬಿ ಕುಡಿದ.