ನಾಲ್ಕನೆಯ ಚೀಲ

ಮಗಳನ್ನು ಯಾವ ಮನೆಗೆ ಕೊಡಬೇಕು, ಬಾವಿಯನ್ನು ಎಲ್ಲಿ ತೋಡಬೇಕು ಎಂಬಂಥ ಪ್ರಶ್ನೆಗಳನ್ನು ಹಿರಿಯರು ಕೂತು ತೀರ್ಮಾನಿಸುವುದು ವಾಡಿಕೆ. ಅಷ್ಟೇ ತೂಕದ ಪ್ರಶ್ನೆಯೊಂದು ಆ ಬೆಳಿಗ್ಗೆ ಚೀಲದ ಅಂಗಡಿಯಲ್ಲಿ ಇತ್ಯರ್ಥಕ್ಕೆ ಕಾದಿತ್ತು: ಬೆನ್ನಿಗೆ ಹಾಕುವ ಮಿಲಿಟರಿ ನಮೂನೆಯ ಚೀಲ ಕಪ್ಪಿರಬೇಕೋ, ಹಸಿರಿರಬೇಕೋ. ಹೆಂಡತಿ ಕಪ್ಪಿನ ಕಡೆ. ಕೊಳೆ ಕಾಣುವುದಿಲ್ಲ ಎಂಬುದು ಅವಳ ವಾದ. ಅಂಗಡಿಯವನು ಹಸಿರಿನ ಕಡೆ. ಅವನಲ್ಲಿ ಮಾರಾಟವಾಗದೆ ಉಳಿದದ್ದು ಹಸಿರೇ. ಗಂಡ ಮಾತ್ರ ಕಿತ್ತಳೆ ಬಣ್ಣದ್ದು ಇದೆಯೇ ಎಂದು ಕೇಳಿದ.

"ಕಿತ್ತಳೆನಾ? ಯಾಕ್ರೀ?"

"ದೂರದಿಂದ ಕಾಣುತ್ತೆ."

ಊರಿನ ಮೇಲುಗಡೆ ಇರುವ ಅಣೆಕಟ್ಟಿನಲ್ಲಿ ಅವನು ನೀರು ಬಿಡುವ ಗೇಟುಗಳ ಮೇಸ್ತ್ರಿ. ಕಾಲಿಗೆ ಹಾಕುವ ಚಪ್ಪಲಿಯನ್ನೂ ಹೆಂಡತಿಯಿಂದಲೇ ತರಿಸಿಕೊಳ್ಳುವ ಪೈಕಿ. ಅಂಥವನು ಆ ದಿನ ಪಾಳಿ ಮುಗಿಸಿ ಬಂದು, ಮಲಗದೆ, ಮುಖವನ್ನೂ ತೊಳೆಯದೆ, "ನಡಿ, ಚೀಲ ತಗೊಳ್ಳೋಣ" ಎಂದಿದ್ದ. ಮದುವೆಯಾದಾಗಿನಿಂದ ಮುಂದಕ್ಕೆ ಹೋಗುತ್ತಲೇ ಇದ್ದ ಪ್ರವಾಸ ಕೊನೆಗೂ ಕೂಡಿಬಂತೆಂದು ಅವಳು ಒಳ್ಳೆಯ ಸೀರೆಯನ್ನೇ ಉಟ್ಟು ಬಂದಿದ್ದಳು.

ಅಂಗಡಿಯವನು ಪಾಠ ಒಪ್ಪಿಸತೊಡಗಿದ. "ಇದು ದಿನಾ ಆಫೀಸಿಗೆ ಹೋಗೋರಿಗೆ. ಇದು ಎರಡು ದಿನದ ಪ್ರಯಾಣಕ್ಕೆ. ಇದು ನೋಡಿ ಅಕ್ಕಾ, ಬೆಟ್ಟ ಹತ್ತೋರಿಗೆ. ಎದೆಗೂ ಪಟ್ಟಿ, ಸೊಂಟಕ್ಕೂ ಪಟ್ಟಿ. ಹೊರಗಡೆ ಟಾರ್ಚು, ಬಾಟ್ಲಿ ಏನು ಬೇಕಾದ್ರೂ ಸಿಕ್ಕಿಸ್ಕೊಬಹುದು. ನಲವತ್ತು ಲೀಟರ್."

"ಲೀಟರಾ? ಚೀಲ ಮಾರ್ತೀರೋ, ಹಾಲು ಮಾರ್ತೀರೋ?"

ಅಂಗಡಿಯವನು ನಕ್ಕ. ಮೇಸ್ತ್ರಿ ನಗಲಿಲ್ಲ. ಬೆಟ್ಟದ ಚೀಲವನ್ನೆತ್ತಿಕೊಂಡು, ಕಣ್ಣು ಮುಚ್ಚಿ, ಬೆನ್ನಿಗೇರಿಸಿ, ಸೊಂಟದ ಕೊಂಡಿಯನ್ನು ತಡಕಿ ಹಾಕಿದ. ಮತ್ತೆ ಒಂದೇ ಕೈಯಲ್ಲಿ ಬಿಚ್ಚಿದ.

"ಇನ್ನೊಂದು ಕೈ ಏನು ಮಾಡ್ತಿರುತ್ತೆ, ಮಹಾರಾಯರದ್ದು?"

"ಮಗೂನ ಹಿಡ್ಕೊಂಡಿರುತ್ತೆ."

"ಏಳು ವರ್ಷದ ಹುಡುಗೀನ ಯಾರ್ರೀ ಎತ್ಕೊಂಡು ತಿರುಗ್ತಾರೆ?"

"ಐದು ವರ್ಷ ಗ್ಯಾರಂಟಿ ಇದೆ, ಮೇಸ್ತ್ರಿಗಳೇ," ಎಂದ ಅಂಗಡಿಯವನು.

"ಅಷ್ಟೆಲ್ಲಾ ಬೇಡ. ಒಂದು ಸಲ ತಡ್ಕೊಂಡ್ರೆ ಸಾಕು. ಮೂರು ದೊಡ್ಡದು ಕೊಡಿ, ಒಂದು ಸಣ್ಣದು."

"ನಾವಿರೋದೇ ಮೂರು ಜನ," ಎಂದಳು ಹೆಂಡತಿ. "ನಾಲ್ಕನೇದು ಯಾರಿಗೆ?"

"ನಿಮ್ಮಮ್ಮಂಗೆ."

ಅಂಗಡಿಯವನ ಕೈ ಜಿಪ್ಪಿನ ಮೇಲೆ ಹಾಗೆಯೇ ನಿಂತಿತು. ಮದುವೆಯ ದಿನ ನಾಲ್ಕು ಜನರೆದುರು "ಗೇಟು ಕಾಯೋನು" ಎಂದವಳು ಆ ಅತ್ತೆ. ಅಂದಿನಿಂದ ಆಕೆ ಮುಂಬಾಗಿಲಿನಿಂದ ಬಂದರೆ ಅಳಿಯ ಹಿತ್ತಿಲ ಬಾಗಿಲಿನಿಂದ ಹೊರಡುತ್ತಿದ್ದ. ಈ ಜಗಳದ ಮೇಲೆ ಪೇಟೆಯವರು ಎಷ್ಟೋ ಸಂಜೆಗಳನ್ನು ಹಾಯಾಗಿ ಕಳೆದಿದ್ದರು.

ಆಕೆಯ ಮನೆ ಇದ್ದದ್ದು ಹೊಳೆಗೆ ಅಂಟಿಕೊಂಡ ಕೆಳಗಿನ ಬೀದಿಯಲ್ಲಿ.

ಹೆಂಡತಿಗೆ ಸೀರೆ ಮೈಗೆ ಭಾರವೆನ್ನಿಸಿತು. ಮೇಲಿನ ಸೀಮೆಯಲ್ಲಿ ವಾರದಿಂದ ಮಳೆ ಬಿಟ್ಟಿರಲಿಲ್ಲ. ಮೊನ್ನೆ ಅವನು ನಿದ್ದೆಯಲ್ಲಿ, ಏಳ್ತಿಲ್ಲ, ಏಳ್ತಿಲ್ಲ ಎಂದು ಗೊಣಗಿದಾಗ, ಯಾರು ಏಳ್ತಿಲ್ಲ ಎಂದು ನಕ್ಕು ಪಕ್ಕಕ್ಕೆ ಹೊರಳಿದ್ದಳು. ಏಳದೆ ಇದ್ದದ್ದು ಗೇಟು.

"ಏನಾಗಿದೇರೀ?" ಎಂದು ದನಿ ತಗ್ಗಿಸಿ ಕೇಳಿದಳು.

"ಏನೂ ಆಗಿಲ್ಲ." ಅವನು ಚೀಲದ ಪಟ್ಟಿ ಎಳೆದು ನೋಡುತ್ತಿದ್ದ. "ಯಾರು ಕೇಳಿದ್ರೂ ಏನೂ ಆಗಿಲ್ಲ ಅನ್ಬೇಕಂತೆ. ಬಾಯಿ ಬಿಟ್ರೆ ನಾಳೆಯಿಂದ ಬರೋದೇ ಬೇಡ ಅಂದಿದಾರೆ ಸಾಹೇಬ್ರು."

ಅಪ್ಪಣೆಯಾದದ್ದು ಅವನ ಬಾಯಿಗೆ. ಅವಳ ಬಾಯಿಯ ವಿಚಾರವನ್ನು ಸಾಹೇಬರು ಎತ್ತಿರಲಿಲ್ಲ. ಅವಳು ಗಂಡನ ಮುಖ ನೋಡಿದಳು. ಅವನು ನೆಲ ನೋಡಿದ. ಅಷ್ಟು ಹೊತ್ತು ಅವನು ನೆಲವನ್ನು ನೋಡಿದ್ದನ್ನು ಅವಳು ಕಂಡಿರಲಿಲ್ಲ.

"ಅಣ್ಣಾ, ನಿಮ್ಮನೇಲಿ ಎಷ್ಟು ಜನ?"

"ಐದು ಜನ, ಅಕ್ಕಾ."

"ಹಂಗಾದ್ರೆ ಐದು ತೆಗೆದಿಟ್ಕೊಳ್ಳಿ. ಆಮೇಲೆ ಬೇರೆಯೋರಿಗೆ ಮಾರೋರಂತೆ."

ಕಪ್ಪೋ ಹಸಿರೋ ಎಂದು ಯಾರೂ ಮತ್ತೆ ಕೇಳಲಿಲ್ಲ. ಅಂಗಡಿಯವನು ಕೈಗೆ ಸಿಕ್ಕ ನಾಲ್ಕನ್ನು ಕೊಟ್ಟು, ಐದನ್ನು ಮೇಜಿನ ಕೆಳಗೆ ತಳ್ಳಿದ.

ಇಬ್ಬರೂ ಬೆನ್ನಿಗೊಂದು, ಕೈಗೊಂದು ಖಾಲಿ ಚೀಲ ಹೊತ್ತು ಬೀದಿಗಿಳಿದರು. ಎದುರಿನ ದರ್ಜಿ ಹೊಲಿಗೆ ಯಂತ್ರ ತುಳಿಯುತ್ತಲೇ ಕತ್ತು ಎತ್ತಿದ.

"ಏನು ಮೇಸ್ತ್ರಿ, ಯುದ್ಧಕ್ಕೆ ಹೊರಟ್ರಾ?"

"ಇಲ್ಲಪ್ಪ. ಅತ್ತೆ ಮನೆಗೆ."

ಯಂತ್ರ ನಿಂತಿತು. ದರ್ಜಿ ಹೊಲಿಗೆಯ ನಡುವಿನಲ್ಲೇ ದಾರ ಕತ್ತರಿಸಿ, ಎದ್ದು, ಅವರು ಕೆಳಗಿನ ಬೀದಿಗೆ ತಿರುಗುವ ತನಕ ಬಾಗಿಲಲ್ಲೇ ನಿಂತಿದ್ದ.

ಮಧ್ಯಾಹ್ನದ ಹೊತ್ತಿಗೆ ಆ ಅಂಗಡಿಯಲ್ಲಿ ಒಂದು ಚೀಲವೂ ಉಳಿದಿರಲಿಲ್ಲ.