ಬೊಂಬಾಯಿ ಎಷ್ಟು ದೂರ

ಮುನಿಗಂಗಮ್ಮನ ತಾಯಿ ಚಿಕ್ಕವೆಂಕಟಮ್ಮ ಬೆಳಕು ಹರಿಯುವ ಹೊತ್ತಿಗೆ ತೀರಿಕೊಂಡಳು. ಅಂಬಾಜಿದುರ್ಗದ ತಪ್ಪಲಿನ ಆ ಊರಿನವರೆಲ್ಲ ಅಂಗಳದಲ್ಲಿ ಸೇರಿದರು. ಬೊಂಬಾಯಿಯ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದ ಮಗ ನರಸಿಂಹಪ್ಪನಿಗೆ, ತಾಯಿಗೆ ಜೋರಾಗಿದೆಯೆಂದು ಹಿಂದಿನ ದಿನವೇ ಚಿಂತಾಮಣಿಯಿಂದ ತಂತಿ ಹೋಗಿತ್ತು. ಸೋದರಮಾವ ಮುನಿವೆಂಕಟಪ್ಪ ಮುನಿಗಂಗಮ್ಮನ ಪಕ್ಕ ಕುಕ್ಕರಗಾಲಲ್ಲಿ ಕೂತು ಕೇಳಿದ:

“ಗಂಗಮ್ಮ, ನರಸಿಂಹ ಬರೋಗಂಟ ಕಾಯಣ್ವೇನಮ್ಮ?”

“ಬೊಂಬಾಯಿ ಏನ್ ಪಕ್ಕದೂರಾ ಮಾವ? ರೈಲಲ್ಲಿ ಎರಡು ದಿನ. ಈ ಬಿಸಿಲಲ್ಲಿ ಅಲ್ಲೀಗಂಟ ಇಕ್ಕೊಳಕ್ಕಾಗ್ತದಾ? ಎತ್ತಿಬಿಡಿ.”

ಅದು ಸುಳ್ಳೆಂದು ಅವಳಿಗೆ ಗೊತ್ತಿತ್ತು. ಹೋದ ಯುಗಾದಿಗೆ ಬಂದಿದ್ದ ತಮ್ಮ, ಹಿತ್ತಿಲಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದ ಅವಳಿಗೊಬ್ಬಳಿಗೇ ಹೇಳಿದ್ದ: “ಅಮ್ಮನಿಗೇನಾದ್ರೂ ಆದ್ರೆ ತಂತಿ ಕೊಡಕ್ಕ. ರೈಲು ನಂಬ್ಕೊಂಡು ಕೂತ್ಕೊಳಲ್ಲ, ಸಾಲ ಮಾಡಾದ್ರೂ ಬೇಗ ಬರ್ತೀನಿ. ಬೆಂಗಳೂರಿಗೆ ಏರೋಪ್ಲೇನಲ್ಲಿ ಎರಡು ಮೂರು ಗಂಟೆ ಅಷ್ಟೇ. ಬೆಳಿಗ್ಗೆ ಹತ್ತಿದ್ರೆ ಹೊತ್ತು ಮುಳುಗೋದ್ರೊಳಗೆ ಮನೇಲಿರ್ತೀನಿ.”

ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಮುನಿಗಂಗಮ್ಮ. ಹಾಸಿಗೆ ಹಿಡಿದ ತಾಯಿಯ ಹೇಲು ಉಚ್ಚೆ ಬಳಿದು, ಗಂಜಿ ಕುಡಿಸಿದವಳು ಅವಳೇ. ಆದರೆ ಕೊನೆಕೊನೆಗೆ ನೆನಪು ಕೆಟ್ಟ ಮುದುಕಿ, ಉಣಿಸುವ ಕೈಯನ್ನು ಹಿಡಿದು “ಬಂದ್ಯಾ ನರಸಿಂಹ?” ಎನ್ನುತ್ತಿದ್ದಳು. “ನಾನು ಗಂಗಮ್ಮ ಕಣಮ್ಮ” ಎಂದರೆ ಮುಖ ತಿರುಗಿಸಿ, “ಯಾವ ಗಂಗಮ್ಮ?” ಎನ್ನುತ್ತಿದ್ದಳು. ಸಾಯುವ ಹಿಂದಿನ ಸಂಜೆಯೂ ಅದೇ ಮಾತು. ಆ ಉರಿಯೇ ಅವಳ ಬಾಯಲ್ಲಿ ‘ಎತ್ತಿಬಿಡಿ’ ಎನ್ನಿಸಿತ್ತು.

ನಡುಹಗಲಲ್ಲಿ ಮಣ್ಣು ಮಾಡಿದರು. ಜನ ಸ್ನಾನ ಮುಗಿಸಿ ಜಗಲಿಯ ಮೇಲೆ ಕೂತಿದ್ದಾಗ ಬಾಡಿಗೆ ಕಾರೊಂದು ಬಂದು ನಿಂತಿತು. ನರಸಿಂಹಪ್ಪ ಇಳಿದು ಒಳಗೆ ಓಡಿದ. ನಡುಮನೆಯಲ್ಲಿ ದೀಪವೊಂದೇ ಉರಿಯುತ್ತಿತ್ತು.

“ಅಮ್ಮ ಎಲ್ಲಿ?”

“ನೀನು ರೈಲಲ್ಲಿ ಬರ್ತೀಯ ಅಂದ್ಕೊಂಡ್ವಿ ಕಣಪ್ಪ” ಎಂದ ಮಾವ.

“ಅಕ್ಕನಿಗೆ ಹೇಳಿದ್ದೆನಲ್ಲ!”

ಎಲ್ಲರ ಕಣ್ಣೂ ಅವಳತ್ತ ತಿರುಗಿದವು. “ಮರ್ತೇಬಿಟ್ಟೆ ಕಣಪ್ಪ” ಎಂದಳು. ಮಾವ ಗದರಲು ಬಾಯಿ ತೆರೆದಾಗ ನರಸಿಂಹಪ್ಪನೇ ತಡೆದ. “ಬಿಡಿ ಮಾವ. ಆ ಹೊತ್ತಲ್ಲಿ ಯಾರಿಗೆ ಏನ್ ಗ್ಯಾನ ಇರ್ತದೆ? ಅಮ್ಮನ್ನ ನೋಡ್ಕೊಂಡೋಳು ಅವಳೇ ಅಲ್ವಾ?” ಎಂದು ಅಕ್ಕನ ಹೆಗಲ ಮೇಲೆ ತಲೆಯಿಟ್ಟು ಅತ್ತ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ, ಈ ನಂಬಿಕೆಯನ್ನು ಅವಳಿಂದ ತಾಳಲಾಗಲಿಲ್ಲ.

ಮೂರನೆಯ ದಿನ ಹಾಲುತುಪ್ಪ ಬಿಡಲು ಹೊರಟಾಗ, ದಾರಿಯಲ್ಲಿ ಬೇರೆಯವರನ್ನು ಮುಂದೆ ಹೋಗಲು ಬಿಟ್ಟು ತಮ್ಮನಿಗೆ ಹೇಳಿಬಿಟ್ಟಳು.

“ಮರ್ತಿರಲಿಲ್ಲ ಕಣೋ. ಗೊತ್ತಿದ್ದೇ ಎತ್ತಿಸ್ದೆ. ಸಾಯೋವರ್ಗೂ ನಿನ್ನನ್ನೇ ಕರೀತಿದ್ಲು. ಕೊನೆ ಒಂದು ಹೊತ್ತಾದ್ರೂ ನನಗೊಬ್ಬಳಿಗೇ ಇರ್ಲಿ ಅನ್ನಿಸ್ತು.”

ನರಸಿಂಹಪ್ಪ ನಿಂತುಬಿಟ್ಟ. “ಮುಖ ನೋಡಕ್ಕೂ ಬಿಡ್ಲಿಲ್ವಲ್ಲಕ್ಕ” ಎಂದ. ಗುಂಡಿಯ ಮೇಲೆ ಹಾಲು ಬಿಟ್ಟು, ಅವಳಿಗೆ ಕಾಯದೆ ಊರಿಗೆ ನಡೆದ. ತಿಥಿ ಮುಗಿಯುವವರೆಗೂ ಅವಳು ಬಡಿಸಿದ್ದನ್ನು ಉಂಡ, ಮುಖ ಮಾತ್ರ ನೋಡಲಿಲ್ಲ.

ಹೊರಡುವ ದಿನ ಚಿಂತಾಮಣಿ ಬಸ್ಸಿನವರೆಗೂ ಅವಳು ಹಿಂದೆಯೇ ಹೋದಳು. ಮೆಟ್ಟಿಲ ಮೇಲೆ ಕಾಲಿಟ್ಟ ಮೇಲೆ ಅವನು ತಿರುಗಿದ. ಕಣ್ಣು ಕೆಂಪಾಗಿದ್ದವು.

“ನಾಳೆ ನಿನಗೇನಾದ್ರೂ ಆದ್ರೆ ನನಗ್ಯಾರಕ್ಕ ಹೇಳ್ತಾರೆ?”

ಬಸ್ಸು ಹೊರಟಿತು. ಮುನಿಗಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ರಸ್ತೆಯ ಪಕ್ಕದಲ್ಲೇ ಕೂತುಬಿಟ್ಟಳು.